ಬೆಳ್ಳಗೆ ಕಂಡದ್ದೆಲ್ಲ ಅರ್ಬುದವಲ್ಲ

ಹೆಂಗಸರ ಗರ್ಭಕೋಶ, ಅಂಡಾಶಯಗಳ ಎಂ.ಆರ್.ಐ. ಪರೀಕ್ಷೆಯ ವರದಿಗಳಲ್ಲಿ ಈಗೀಗ ಒಂದು ಮಾತು ಪದೇ ಪದೇ ಕಾಣಸಿಗುತ್ತದೆ: ‘ರಿಸ್ಟ್ರಿಕ್ಟೆಡ್ ಡಿಫ್ಯೂಶನ್’. ಮಂಗಳೂರಿನಲ್ಲಾಗಲಿ ತಲಶೇರಿಯಲ್ಲಾಗಲಿ ಪರೀಕ್ಷೆ ಮುಗಿಸಿ ಬಂದ ಮನೆಯವರು ಆ ಕಾಗದವನ್ನು ಇಂಗ್ಲಿಷ್ ಬಲ್ಲ ನೆರೆಯವರ ಮುಂದಿಡುತ್ತಾರೆ. ನೆರೆಯವರು ಮೊಬೈಲಿನಲ್ಲಿ ಹುಡುಕಿ ನೋಡುತ್ತಾರೆ. ಮೊದಲು ಕಣ್ಣಿಗೆ ಬೀಳುವುದೇ ಕ್ಯಾನ್ಸರ್ ಎಂಬ ಶಬ್ದ. ಮತ್ತೆ ವೈದ್ಯರನ್ನು ಕಾಣುವ ದಿನದವರೆಗೂ ಆ ಮನೆಯಲ್ಲಿ ಯಾರಿಗೂ ಊಟ ನಿದ್ದೆಗಳಿಲ್ಲ. ಕೆಲವು ಮನೆಗಳಲ್ಲಂತೂ ವರದಿಯನ್ನು ಬೀರುವಿನಲ್ಲಿಟ್ಟು, ಯಾರ ಶರೀರದ ವಿಷಯ ಅದರಲ್ಲಿದೆಯೋ ಆಕೆಯೊಬ್ಬಳಿಗೇ ಹೇಳದೆ ಉಳಿಯುವುದೂ ಉಂಟು.

ಆ ಎರಡು ಶಬ್ದಗಳ ಅರ್ಥ ‘ನೀರಿನ ಚಲನೆಗೆ ಅಡ್ಡಿ’ ಎಂದಷ್ಟೇ. ಅದು ಕ್ಯಾನ್ಸರಿನ ಹೆಸರಲ್ಲ. ವೈದ್ಯರಿಗೆ ಸಿಕ್ಕಿದ ಒಂದು ಸುಳಿವು. ಸುಳಿವು ಬಹಳ ಬೆಲೆಯುಳ್ಳದ್ದೇ ಹೌದು. ಆದರೆ ಸುಳಿವು ಬೇರೆ, ತೀರ್ಪು ಬೇರೆ. ಈ ಭೇದವನ್ನು ನಮ್ಮ ಮನೆಮಂದಿಗೆ ನಮ್ಮ ಮಾತಿನಲ್ಲಿ ತಿಳಿಸುವುದೇ ಈ ಲೇಖನದ ಉದ್ದೇಶ.

ನೀರಿನ ಅಲೆದಾಟ

1827ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞರು ನೀರಿನಲ್ಲಿ ತೇಲುವ ಪರಾಗದ ಸೂಕ್ಷ್ಮ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಯಾರೂ ಅಲ್ಲಾಡಿಸದಿದ್ದರೂ ಆ ಕಣಗಳು ಅತ್ತಿತ್ತ ನಡುಗುತ್ತಾ ಅಲೆಯುತ್ತಿದ್ದವು. ಏಕೆ ಹೀಗೆ ಎಂಬುದನ್ನು 1905ರಲ್ಲಿ ಐನ್‌ಸ್ಟೈನರು ಗಣಿತದಿಂದ ವಿವರಿಸಿದರು. ನೀರಿನ ಅಣುಗಳು ಶಾಖದ ಬಲದಿಂದ ಒಂದು ಕ್ಷಣವೂ ಸುಮ್ಮನಿರುವುದಿಲ್ಲ; ಎಲ್ಲ ದಿಕ್ಕಿಗೂ ಗೊತ್ತುಗುರಿಯಿಲ್ಲದೆ ಅಲೆಯುತ್ತವೆ. ಈ ಅಲೆದಾಟಕ್ಕೆ ವಿಸರಣ ಎಂದು ಹೆಸರು.

ನಮ್ಮ ಶರೀರದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇದೆ. ಆದರೆ ಶರೀರದೊಳಗಿನ ನೀರಿಗೆ ಬಾವಿಯ ನೀರಿನ ಸ್ವಾತಂತ್ರ್ಯವಿಲ್ಲ. ಜೀವಕೋಶಗಳ ಗೋಡೆಗಳು ಅದಕ್ಕೆ ಅಡ್ಡ ನಿಲ್ಲುತ್ತವೆ. ಬಯಲುಗದ್ದೆಯಲ್ಲಿ ನಡೆಯುವವನಿಗೂ ಕುಂಬಳೆಯಲ್ಲಿ ಬೆಡಿ ನೋಡಲು ಸೇರಿದ ಜನಸಂದಣಿಯೊಳಗೆ ಸಿಕ್ಕಿಕೊಂಡವನಿಗೂ ಇರುವ ವ್ಯತ್ಯಾಸವನ್ನು ನೆನೆಯಿರಿ. ಮೊದಲನೆಯವನು ಬೇಕಾದಲ್ಲಿಗೆ ಹೋಗುತ್ತಾನೆ; ಎರಡನೆಯವನು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಯಾರಿಗಾದರೂ ಡಿಕ್ಕಿ ಹೊಡೆಯುತ್ತಾನೆ. ಅರ್ಬುದ ಬೆಳೆದಲ್ಲಿ ಜೀವಕೋಶಗಳು ಮಿತಿಯಿಲ್ಲದೆ ಹೆಚ್ಚಿ ಒತ್ತೊತ್ತಾಗಿ ತುಂಬಿಕೊಳ್ಳುವುದರಿಂದ ಅಲ್ಲಿನ ನೀರಿಗೆ ಓಡಾಡಲು ಎಡೆಯೇ ಇರುವುದಿಲ್ಲ. ವರದಿಯಲ್ಲಿ ‘ಅಡ್ಡಿ’ ಎಂದು ಬರೆಯುವುದು ಇದನ್ನೇ.

ಯಂತ್ರ ಅಳೆಯುವ ಬಗೆ

ಕಣ್ಣಿಗೆ ಕಾಣದ ಈ ಅಲೆದಾಟವನ್ನು ಅಳೆಯುವುದು ಹೇಗೆ? ಎಂ.ಆರ್.ಐ. ಯಂತ್ರವೆಂದರೆ ಬಲವಾದ ಒಂದು ಅಯಸ್ಕಾಂತದ ಕೊಳವೆ. ಅದು ಶರೀರದಲ್ಲಿರುವ ಜಲಜನಕದ ಪರಮಾಣುಗಳಿಂದ ಸಂಕೇತವನ್ನು ಪಡೆದು ಚಿತ್ರ ಬರೆಯುತ್ತದೆ. ಇದರಲ್ಲಿ ಕ್ಷ-ಕಿರಣದ ಪ್ರಶ್ನೆಯಿಲ್ಲ. ಈ ಚಿತ್ರಣಕ್ಕೆ ಅಡಿಪಾಯ ಹಾಕಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ವಿಸರಣವನ್ನು ಅಳೆಯುವ ಉಪಾಯವು ಚಿತ್ರಣಕ್ಕಿಂತಲೂ ಹಳೆಯದು. ಸ್ಟೆಸ್ಕಾಲ್ ಮತ್ತು ಟ್ಯಾನರ್ ಎಂಬಿಬ್ಬರು ಅದನ್ನು 1965ರಲ್ಲೇ ಪ್ರಕಟಿಸಿದ್ದರು.

ಉಪಾಯ ಹೀಗಿದೆ. ಶಾಲೆಯ ಮೈದಾನದಲ್ಲಿ ಮಕ್ಕಳು ಸಾಲಾಗಿ ನಿಂತಿದ್ದಾರೆಂದು ಭಾವಿಸೋಣ. ಡ್ರಿಲ್ ಮಾಸ್ತರರು ಮೊದಲ ಸೀಟಿ ಊದಿದಾಗ ಪ್ರತಿಯೊಬ್ಬರೂ ತಾವು ನಿಂತ ಸ್ಥಳಕ್ಕೆ ತಕ್ಕಂತೆ ಬಲಕ್ಕೆ ತಿರುಗಬೇಕು. ಸಾಲಿನ ಮೊದಲಿಗರು ಸ್ವಲ್ಪ, ಕೊನೆಯವರು ಹೆಚ್ಚು. ಎರಡನೆಯ ಸೀಟಿಗೆ ಅದೇ ಲೆಕ್ಕದಲ್ಲಿ ಎಡಕ್ಕೆ ತಿರುಗಬೇಕು. ಸ್ಥಳ ಬಿಡದವರೆಲ್ಲ ಮೊದಲಿನಂತೆ ನೇರವಾಗಿ ನಿಲ್ಲುತ್ತಾರೆ. ನಡುವೆ ಸ್ಥಳ ಬದಲಿಸಿದವರ ಲೆಕ್ಕ ತಪ್ಪಿ ಅವರು ಓರೆಯಾಗಿ ನಿಲ್ಲುತ್ತಾರೆ. ಯಂತ್ರವೂ ಕಾಂತಬಲದ ಇಂಥ ಎರಡು ಸೀಟಿಗಳನ್ನು ಊದುತ್ತದೆ. ಕದಲದೆ ಉಳಿದ ಅಣುಗಳ ಸಂಕೇತ ಒಂದುಗೂಡಿ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಅಲೆದು ಹೋದವುಗಳ ಸಂಕೇತ ಚದರಿ ಕಪ್ಪಾಗುತ್ತದೆ.

ಎರಡು ಸೀಟಿಗಳ ನಡುವಣ ಕಾಲ ಒಂದು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು. ಅಷ್ಟರಲ್ಲಿ ತಡೆಯಿಲ್ಲದ ನೀರಿನ ಅಣುವು ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ದೂರ ಸರಿಯುತ್ತದೆ. ಒಂದು ಜೀವಕೋಶದ ಅಗಲವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ! ಆದುದರಿಂದಲೇ ಅಣುವಿನ ಓಟವು ಜೀವಕೋಶದ ಗೋಡೆಗೆ ಹೋಗಿ ತಗಲುತ್ತದೆ, ಮತ್ತು ಸೂಕ್ಷ್ಮದರ್ಶಕವಿಲ್ಲದೆಯೇ ಆ ಗೋಡೆಗಳ ದಟ್ಟಣೆಯ ಸುದ್ದಿ ಹೊರಗೆ ಬರುತ್ತದೆ. ಈ ಉಪಾಯವನ್ನು 1980ರ ದಶಕದ ಮಧ್ಯಭಾಗದಲ್ಲಿ ಮಾನವ ಶರೀರದ ಚಿತ್ರಕ್ಕೆ ಅಳವಡಿಸಿದವರು ಫ್ರಾನ್ಸಿನ ಡೆನಿ ಲೆ ಬಿಹಾನ್. ಅವರ ಪ್ರಸಿದ್ಧ ಪ್ರಬಂಧ 1986ರಲ್ಲಿ ಪ್ರಕಟವಾಯಿತು. ಮೊದಲು ಇದು ಮಿದುಳಿನ ಪರೀಕ್ಷೆಗೆ, ಮುಖ್ಯವಾಗಿ ಪಾರ್ಶ್ವವಾಯುವಿನ ಆರಂಭವನ್ನು ಗುರುತಿಸುವುದಕ್ಕೆ ಒದಗಿತು. ಉಸಿರಾಟ, ಕರುಳಿನ ಚಲನೆಗಳಿಂದ ಸದಾ ಅಲ್ಲಾಡುವ ಹೊಟ್ಟೆಯ ಚಿತ್ರವನ್ನು ಈ ಬಗೆಯಲ್ಲಿ ತೆಗೆಯಲು ವೇಗದ ಯಂತ್ರಗಳು ಬೇಕಾದವು. ಹಾಗಾಗಿ ಸ್ತ್ರೀರೋಗಗಳಲ್ಲಿ ಇದರ ಬಳಕೆ ವ್ಯಾಪಕವಾದದ್ದು ಈ ಶತಮಾನದಲ್ಲಿ.

ಎಲ್ಲೆಲ್ಲಿ ಉಪಯೋಗ?

ಮೊದಲನೆಯದು ಗರ್ಭಕೋಶದ ಕೊರಳಿನ ಕ್ಯಾನ್ಸರ್. 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ಸುಮಾರು 1.27 ಲಕ್ಷ ಹೆಂಗಸರಲ್ಲಿ ಈ ರೋಗ ಹೊಸದಾಗಿ ಕಂಡುಬಂದಿದೆ; ಸುಮಾರು 80 ಸಾವಿರ ಮಂದಿ ತೀರಿಕೊಂಡಿದ್ದಾರೆ. ಇದರ ಚಿಕಿತ್ಸೆಯ ದಾರಿ ನಿಂತಿರುವುದು ಗೆಡ್ಡೆಯ ಅಳತೆ ಮತ್ತು ಹರಡುವಿಕೆಯ ಮೇಲೆ. ಎರಡು ಸೆಂಟಿಮೀಟರ್, ನಾಲ್ಕು ಸೆಂಟಿಮೀಟರ್ ಎಂಬ ಗೆರೆಗಳಿಗೆ ಇಲ್ಲಿ ಬಹಳ ಮಹತ್ವವಿದೆ. ಬಹುಕಾಲ ವೈದ್ಯರು ಕೈಯಿಂದ ಪರೀಕ್ಷಿಸಿ ರೋಗದ ಹಂತವನ್ನು ಗೊತ್ತುಮಾಡುತ್ತಿದ್ದರು. 2018ರಲ್ಲಿ ಅಂತಾರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ಒಕ್ಕೂಟವು ಹಂತ ನಿರ್ಣಯದಲ್ಲಿ ಚಿತ್ರಪರೀಕ್ಷೆಗೂ ಸ್ಥಾನ ಕೊಟ್ಟಿತು. ಸಾಮಾನ್ಯ ಎಂ.ಆರ್.ಐ. ಚಿತ್ರದಲ್ಲಿ ಸುತ್ತಲಿನ ಮಾಂಸದೊಡನೆ ಬೆರೆತಂತೆ ಕಾಣುವ ಸಣ್ಣ ಗೆಡ್ಡೆಯ ಅಂಚು ವಿಸರಣ ಚಿತ್ರದಲ್ಲಿ ಎದ್ದು ಕಾಣುತ್ತದೆ. ಇನ್ನೂ ಮಕ್ಕಳಾಗದ ಎಳೆಯ ಹೆಂಗಸಿಗೆ ಕೊರಳಿನ ಭಾಗವನ್ನಷ್ಟೇ ತೆಗೆದು ಗರ್ಭಕೋಶವನ್ನು ಉಳಿಸಬಹುದೇ ಎಂಬ ಪ್ರಶ್ನೆ ಬಂದಾಗ ಆ ಅಂಚು ಎಲ್ಲಿದೆ ಎಂಬುದು ಆಕೆಯ ಬಾಳಿನ ಪ್ರಶ್ನೆಯೇ ಆಗುತ್ತದೆ.

ಎರಡನೆಯದು ಗರ್ಭಕೋಶದ ಒಳಪದರದ ಕ್ಯಾನ್ಸರ್. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಳ್ಳುವುದು ಇದರ ಮುಖ್ಯ ಲಕ್ಷಣ. ಇಲ್ಲಿ ವೈದ್ಯರು ಕೇಳುವ ದೊಡ್ಡ ಪ್ರಶ್ನೆ: ರೋಗವು ಗರ್ಭಕೋಶದ ಸ್ನಾಯುಗೋಡೆಯ ಅರ್ಧಕ್ಕಿಂತ ಈಚೆಗೇ ನಿಂತಿದೆಯೇ, ಅರ್ಧ ದಾಟಿದೆಯೇ? ದಾಟಿದ್ದರೆ ಹಾಲ್ರಸ ಗ್ರಂಥಿಗಳಿಗೆ ಹರಡಿರುವ ಸಂಭವ ಹೆಚ್ಚು. ಶಸ್ತ್ರಕ್ರಿಯೆಯ ಯೋಜನೆಯೂ ಅದರಂತೆ ಬದಲಾಗುತ್ತದೆ. ವಯಸ್ಸಾದವರಲ್ಲಿ ಈ ಗೋಡೆ ತೆಳುವಾಗಿರುತ್ತದೆ. ಕೆಲವರಲ್ಲಿ ನಾರುಗೆಡ್ಡೆಗಳು ಅದನ್ನು ಸೊಟ್ಟಗೆ ಮಾಡಿರುತ್ತವೆ. ಇಂಥಲ್ಲಿ ಸಾಮಾನ್ಯ ಚಿತ್ರದ ಜತೆಗೆ ವಿಸರಣ ಚಿತ್ರವನ್ನೂ ಇಟ್ಟು ನೋಡಿದರೆ ಗಡಿರೇಖೆ ಸ್ಪಷ್ಟವಾಗುತ್ತದೆ.

ಮೂರನೆಯದು ಅಂಡಾಶಯದ ಗೆಡ್ಡೆ. ಸ್ಕ್ಯಾನಿಂಗಿನಲ್ಲಿ ‘ಅಂಡಾಶಯದಲ್ಲಿ ಏನೋ ಇದೆ’ ಎಂದು ತಿಳಿದ ಕೂಡಲೇ ಶಸ್ತ್ರಕ್ರಿಯೆಗೆ ಅವಸರಪಡಬೇಕಾಗಿಲ್ಲ. ಅವುಗಳಲ್ಲಿ ಹೆಚ್ಚಿನವು ನಿರಪಾಯಕಾರಿ. ಗೆಡ್ಡೆಯ ಗಟ್ಟಿ ಭಾಗವು ಸಾಮಾನ್ಯ ಚಿತ್ರದಲ್ಲೂ ವಿಸರಣ ಚಿತ್ರದಲ್ಲೂ ಕಪ್ಪಾಗಿದ್ದರೆ ಅದು ನಿರಪಾಯಕಾರಿ ಎನ್ನಲು ಬಲವಾದ ಆಧಾರ ಸಿಕ್ಕಂತೆ. ಈ ಅಂಶವನ್ನೂ ಸೇರಿಸಿಕೊಂಡು ಓ-ರಾಡ್ಸ್ ಎಂಬ ಅಂಕಪದ್ಧತಿಯನ್ನು ರೂಪಿಸಲಾಗಿದೆ. 1,340 ಹೆಂಗಸರನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದು ಇದಕ್ಕೆ ಆಧಾರ. ಈ ಪದ್ಧತಿಯಲ್ಲಿ 2 ಅಂಕ ಬಂದರೆ ಕ್ಯಾನ್ಸರಿನ ಸಂಭವ ನೂರಕ್ಕೆ ಅರ್ಧಕ್ಕಿಂತ ಕಡಿಮೆ, 3 ಬಂದರೆ ನೂರಕ್ಕೆ ಸುಮಾರು 5, 4 ಬಂದರೆ ಸುಮಾರು 50, 5 ಬಂದರೆ ಸುಮಾರು 90. ವರದಿಯಲ್ಲಿ ಈ ಅಂಕವಿದ್ದರೆ ‘ಇದ್ದರೂ ಇರಬಹುದು’ ಎಂಬ ಗೊಂದಲಕ್ಕಿಂತ ಅದು ಎಷ್ಟೋ ಮೇಲು. ಅಂಡಾಶಯದ ಕ್ಯಾನ್ಸರ್ ಹೊಟ್ಟೆಯೊಳಗೆ ಹರಡಿ ಕರುಳಿನ ಮೇಲ್ಮೈಗೆ ಅಂಟಿಕೊಂಡ ಸಣ್ಣ ಸಣ್ಣ ಗಂಟುಗಳನ್ನು ಹುಡುಕಲೂ ವಿಸರಣ ಚಿತ್ರ ನೆರವಾಗುತ್ತದೆ.

ನಾಲ್ಕನೆಯದು ಚಿಕಿತ್ಸೆಯ ಫಲವನ್ನು ನೋಡುವುದು. ಕಿರಣ ಚಿಕಿತ್ಸೆ ಪಡೆದ ಜಾಗದಲ್ಲಿ ಕಲೆಗಟ್ಟಿದ ನಾರು ಯಾವುದು, ಮರಳಿ ಬಂದ ರೋಗ ಯಾವುದು ಎಂದು ಗುರುತಿಸುವುದು ಕಷ್ಟದ ಕೆಲಸ. ಹಳೆಯ ಕಲೆಯು ಸಾಮಾನ್ಯವಾಗಿ ಕಪ್ಪಾಗಿಯೇ ಉಳಿಯುತ್ತದೆ. ರೋಗ ಮರುಕಳಿಸಿದರೆ ಆ ಭಾಗ ಬೆಳ್ಳಗಾಗುತ್ತದೆ. ಇನ್ನೊಂದು ವಿಶೇಷವುಂಟು. ಔಷಧಿ ಮತ್ತು ಕಿರಣಗಳಿಗೆ ಅರ್ಬುದದ ಜೀವಕೋಶಗಳು ಸಾಯತೊಡಗಿದಾಗ ಗೆಡ್ಡೆ ಕುಗ್ಗುವ ಮೊದಲೇ ನೀರಿಗೆ ಓಡಾಡುವ ಎಡೆ ಹೆಚ್ಚುವುದನ್ನು ಅಧ್ಯಯನಗಳು ಕಂಡಿವೆ. ಆದರೆ ಈ ಒಂದು ಲಕ್ಷಣವನ್ನೇ ನಂಬಿ ಚಿಕಿತ್ಸೆ ಬದಲಿಸುವ ಪರಿಪಾಠವಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಇನ್ನು ಮುಖ್ಯ ಮಾತಿಗೆ ಬರೋಣ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಎಂ.ಆರ್.ಐ. ಕೋಣೆಯ ಬಾಗಿಲ ಮೇಲೆ ಬರೆದಿಡಬಹುದು. ವಿಸರಣ ಚಿತ್ರದಲ್ಲಿ ಬೆಳ್ಳಗೆ ಕಾಣಲು ಕ್ಯಾನ್ಸರೇ ಆಗಬೇಕೆಂದಿಲ್ಲ. ಕೀವು ಮಂದವಾದ ದ್ರವವಾದುದರಿಂದ ಅದರಲ್ಲಿ ನೀರು ಅಲೆಯಲಾರದು. ಕೀವು ತುಂಬಿದ ಬಾವೂ ಹೊಳೆಯುತ್ತದೆ. ಹಳೆಯ ರಕ್ತ ತುಂಬಿದ ಎಂಡೋಮೆಟ್ರಿಯೋಸಿಸ್ ಗುಳ್ಳೆಯೂ, ಕೂದಲು ಕೊಬ್ಬುಗಳಿಂದ ಕೂಡಿದ ಡರ್ಮಾಯ್ಡ್ ಗೆಡ್ಡೆಯೂ ಹಾಗೆಯೇ. ಮುಟ್ಟಾಗುವ ವಯಸ್ಸಿನವರಲ್ಲಿ ಆರೋಗ್ಯವಾಗಿರುವ ಗರ್ಭಕೋಶದ ಒಳಪದರವೇ ಬೆಳ್ಳಗಿರುವುದುಂಟು. ಹಾಲ್ರಸ ಗ್ರಂಥಿಗಳಂತೂ ರೋಗವಿರಲಿ ಇಲ್ಲದಿರಲಿ ಹೊಳೆಯುವವೇ. ಗ್ರಂಥಿ ಎಲ್ಲಿದೆ ಎಂಬುದನ್ನು ಈ ಚಿತ್ರ ತೋರಿಸೀತು. ಅದರಲ್ಲಿ ರೋಗವಿದೆಯೇ ಎಂಬುದನ್ನು ಇದೊಂದೇ ಹೇಳಲಾರದು.

ನೀರಿನಂಶ ಬಹಳವಿರುವ ಭಾಗವು, ಅಲ್ಲಿ ಅಡ್ಡಿ ಇಲ್ಲದಿದ್ದರೂ, ತನ್ನ ಸ್ವಂತ ಹೊಳಪಿನಿಂದಲೇ ಈ ಚಿತ್ರದಲ್ಲಿ ಬೆಳಗುವುದೂ ಉಂಟು. ಈ ಮೋಸವನ್ನು ಬಯಲಿಗೆಳೆಯಲು ವೈದ್ಯರು ಎ.ಡಿ.ಸಿ. ಎಂಬ ಇನ್ನೊಂದು ನಕ್ಷೆಯನ್ನು ನೋಡುತ್ತಾರೆ. ಅದು ಲೆಕ್ಕದ ನಕ್ಷೆ. ನೀರು ಒಂದು ಸೆಕೆಂಡಿನಲ್ಲಿ ಎಷ್ಟು ಚದರ ಮಿಲಿಮೀಟರ್ ಹರಡುತ್ತದೆ ಎಂಬುದನ್ನು ಅದು ತಿಳಿಸುತ್ತದೆ. ಶರೀರದ ಶಾಖದಲ್ಲಿ ತಡೆಯಿಲ್ಲದ ನೀರಿಗೆ ಇದು ಸುಮಾರು ಸಾವಿರದ ಮೂರು ಪಾಲು. ಗರ್ಭಕೋಶದ ಕೊರಳಿನ ಕ್ಯಾನ್ಸರಿನಲ್ಲಿ ಬಹಳವಾಗಿ ಸಾವಿರದ ಒಂದು ಪಾಲಿನ ಆಸುಪಾಸು. ನಿಜವಾದ ಅಡ್ಡಿಯಿದ್ದರೆ ವಿಸರಣ ಚಿತ್ರದಲ್ಲಿ ಬೆಳ್ಳಗೆ ಕಂಡ ಜಾಗ ಈ ನಕ್ಷೆಯಲ್ಲಿ ಕಪ್ಪಾಗಬೇಕು. ಎರಡರಲ್ಲೂ ಬೆಳ್ಳಗಿದ್ದರೆ ಅದು ಬರೇ ಹೊಳಪು. ಆದರೆ ಈ ಅಂಕೆಯನ್ನೂ ಗಂಟುಹಾಕಿ ಹಿಡಿಯಬಾರದು. ಯಂತ್ರದಿಂದ ಯಂತ್ರಕ್ಕೆ, ಅಳೆಯುವ ರೀತಿಯಿಂದ ರೀತಿಗೆ ಅದು ಬದಲಾಗುತ್ತದೆ. ನಿರಪಾಯಕಾರಿ ಗೆಡ್ಡೆಗಳ ಮತ್ತು ಕ್ಯಾನ್ಸರಿನ ಅಂಕೆಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಒತ್ತಾದ ಜೀವಕೋಶಗಳಿರುವ ನಾರುಗೆಡ್ಡೆಯು ಅಪರೂಪದ ಸಾರ್ಕೋಮಾ ಕ್ಯಾನ್ಸರಿನಂತೆ ತೋರಬಹುದು.

ಇದಕ್ಕೆ ವಿರುದ್ಧವಾದ ಮೋಸವೂ ಇದೆ. ಲೋಳೆ ಸುರಿಸುವ ಜಾತಿಯ ಕ್ಯಾನ್ಸರಿನಲ್ಲಿ, ಒಳಗೆ ಕೊಳೆತು ಟೊಳ್ಳಾದ ಗೆಡ್ಡೆಯಲ್ಲಿ ನೀರಿಗೆ ಎಡೆ ಹೆಚ್ಚಿರುವುದರಿಂದ ಅಡ್ಡಿಯೇ ಕಾಣದಿರಬಹುದು. ತೀರ ಸಣ್ಣ ಗೆಡ್ಡೆ ಚಿತ್ರಕ್ಕೆ ಸಿಗದಿರಬಹುದು. ಕರುಳಿನಲ್ಲಿರುವ ವಾಯು, ಸೊಂಟದ ಕೃತಕ ಲೋಹದ ಕೀಲು, ಮಲಗಿದವರ ಅಲುಗಾಟಗಳಿಂದಲೂ ಚಿತ್ರ ಕೆಡುತ್ತದೆ. ಹಾಗಾಗಿ ಅಡ್ಡಿ ಇದೆ ಎಂದ ಮಾತ್ರಕ್ಕೆ ಕಂಗೆಡುವುದು ಸರಿಯಲ್ಲ. ಅಡ್ಡಿ ಇಲ್ಲ ಎಂದ ಮಾತ್ರಕ್ಕೆ ರಕ್ತಸ್ರಾವವನ್ನು ಅಲಕ್ಷಿಸುವುದೂ ಸರಿಯಲ್ಲ. ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ಕೊನೆಯ ಮಾತು ತೆಗೆದ ಮಾಂಸದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರದು.

ಪರೀಕ್ಷೆಗೆ ಹೋಗುವಾಗ

ಸೊಂಟದ ಭಾಗದ ಪೂರ್ಣ ಎಂ.ಆರ್.ಐ. ಪರೀಕ್ಷೆಗೆ ಸಾಮಾನ್ಯವಾಗಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಬೇಕು. ಅದರಲ್ಲಿ ವಿಸರಣ ಚಿತ್ರಕ್ಕೆ ತಗಲುವುದು ಕೆಲವೇ ನಿಮಿಷಗಳು. ಇದಕ್ಕೆಂದು ಪ್ರತ್ಯೇಕ ಚುಚ್ಚುಮದ್ದಿಲ್ಲ. ಮೂತ್ರಪಿಂಡದ ತೊಂದರೆಯಿಂದಲೋ ಗರ್ಭಿಣಿಯಾಗಿರುವುದರಿಂದಲೋ ಬಣ್ಣದ ಮದ್ದು ಕೊಡಲಾಗದವರಿಗೆ ಇದೊಂದು ದೊಡ್ಡ ಅನುಕೂಲ. ಆದರೂ ಅಂಡಾಶಯದ ಗೆಡ್ಡೆಗಳಂಥ ಕೆಲವು ಸಂದರ್ಭಗಳಲ್ಲಿ ಬೇರೆ ಚಿತ್ರಗಳಿಗಾಗಿ ಆ ಮದ್ದು ಬೇಕಾಗಬಹುದು. ಕೆಲವು ಗಂಟೆ ಹಸಿದಿರಲು ಹೇಳುವುದು, ಕರುಳಿನ ಚಲನೆ ತಗ್ಗಿಸಲು ಇಂಜೆಕ್ಷನ್ ಕೊಡುವುದು ಚಿತ್ರ ಕೆಡದಿರಲೆಂದೇ.

ಈ ಯಂತ್ರಗಳ ಅಯಸ್ಕಾಂತಕ್ಕೆ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಬಲ. ಭೂಮಿಯ ಕಾಂತಬಲಕ್ಕೆ ಹೋಲಿಸಿದರೆ 1.5 ಟೆಸ್ಲಾ ಎಂದರೆ ಸುಮಾರು 30 ಸಾವಿರ ಪಾಲು. ಆದುದರಿಂದ ಬಳೆಗೆ ಸಿಕ್ಕಿಸಿದ ಪಿನ್ನು, ತಲೆಯ ಕ್ಲಿಪ್ಪು, ಕಾಲುಂಗುರ, ಕರಿಮಣಿ ಎಲ್ಲವನ್ನೂ ತೆಗೆದಿಡಬೇಕು. ಕರಿಮಣಿ ತೆಗೆಯುವುದಕ್ಕೆ ಹಿರಿಯರು ಮನಸ್ಸಿನಲ್ಲಿ ಅಳುಕುವುದು ಸಹಜ. ಒಂದು ಗಂಟೆಯ ಮಟ್ಟಿಗೆ ಮನೆಯವರ ಕೈಯಲ್ಲಿ ಅದು ಕ್ಷೇಮವಾಗಿಯೇ ಇರುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಇದ್ದರೆ, ಶರೀರದಲ್ಲಿ ಯಾವುದಾದರೂ ಲೋಹವಿದ್ದರೆ, ವಂಕಿ ಹಾಕಿಸಿಕೊಂಡಿದ್ದರೆ ಮೊದಲೇ ತಿಳಿಸಬೇಕು. ಯಂತ್ರದ ಸದ್ದು ಜೋರು. ಹೆದರಬೇಕಾದುದಿಲ್ಲ, ಅಲ್ಲಾಡಬಾರದು ಅಷ್ಟೆ.

ಕಾಗದ ಕೈಗೆ ಬಂದ ಮೇಲೆ

ವರದಿ ಬರುವುದು ಇಂಗ್ಲಿಷಿನಲ್ಲಿ. ದಾದಿಯರ ಮಾತು ಮಲೆಯಾಳವೋ ಕನ್ನಡವೋ, ಆಸ್ಪತ್ರೆ ತಲಪಾಡಿಯ ಯಾವ ಕಡೆ ಇದೆ ಎಂಬುದರ ಮೇಲೆ. ಮನೆಯಲ್ಲಿ ಆಡುವ ಭಾಷೆ ಕನ್ನಡವೋ ತುಳುವೋ ಕೊಂಕಣಿಯೋ ಮತ್ತೊಂದು. ಮೂರು ಭಾಷೆ ದಾಟಿ ಬರುವಷ್ಟರಲ್ಲಿ ‘ನೀರಿನ ಚಲನೆಗೆ ಅಡ್ಡಿ’ ಎಂಬುದು ‘ಇನ್ನು ಉಳಿಯುವುದಿಲ್ಲ’ ಎಂದಾಗಿಬಿಟ್ಟರೆ ಆಶ್ಚರ್ಯವಿಲ್ಲ. ಆದುದರಿಂದ ವೈದ್ಯರಲ್ಲಿ ನಾಲ್ಕು ಪ್ರಶ್ನೆಗಳನ್ನು ನೇರವಾಗಿ ಕೇಳಬೇಕೆಂಬುದು ನಮ್ಮ ಸಲಹೆ. ಬೆಳ್ಳಗೆ ಕಂಡದ್ದು ಎ.ಡಿ.ಸಿ. ನಕ್ಷೆಯಲ್ಲೂ ಅಡ್ಡಿಯೆಂದೇ ಕಂಡಿದೆಯೇ? ಉಳಿದ ಚಿತ್ರಗಳು ಏನು ಹೇಳುತ್ತವೆ? ಬಯಾಪ್ಸಿ ಬೇಕೇ, ಯಾವಾಗ? ಈ ಫಲಿತಾಂಶದಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ? ಕೇಳುವವರು ಮಗನೋ ಗಂಡನೋ ಆಗಿರಬಹುದು. ಆದರೆ ಉತ್ತರ ಹೇಳುವಾಗ ಆಕೆಯೂ ಅಲ್ಲಿರಬೇಕು. ಪರದೆಯ ಮೇಲೆ ಕಂಡದ್ದು ಅವಳ ಶರೀರ. ಅದರ ಅರ್ಥ ಎಲ್ಲರಿಗಿಂತ ಕೊನೆಗೆ ಅವಳಿಗೆ ತಿಳಿಯುವುದು ನ್ಯಾಯವಲ್ಲ.

ಹಾಗೆಂದು ಎಲ್ಲರೂ ಹೋಗಿ ಎಂ.ಆರ್.ಐ. ಮಾಡಿಸಿಕೊಳ್ಳಬೇಕೆಂದು ಯಾರೂ ಭಾವಿಸಬಾರದು. ಇದು ರೋಗದ ಸಂಶಯ ಬಂದ ಮೇಲಿನ ಪರೀಕ್ಷೆ. ಸಂಶಯಕ್ಕೆ ಮುಂಚಿನ ಪರೀಕ್ಷೆಗಳು ಇದಕ್ಕಿಂತ ಸರಳ, ಅಗ್ಗ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಒಂದು ಗುರಿಯನ್ನು ಮುಂದಿಟ್ಟಿತು. 2030ರೊಳಗೆ ನೂರರಲ್ಲಿ 90 ಹುಡುಗಿಯರಿಗೆ 15 ವಯಸ್ಸಾಗುವ ಮೊದಲು ಎಚ್.ಪಿ.ವಿ. ಲಸಿಕೆ, ನೂರರಲ್ಲಿ 70 ಹೆಂಗಸರಿಗೆ 35ರ ಹೊತ್ತಿಗೊಮ್ಮೆ, 45ರ ಹೊತ್ತಿಗೆ ಮತ್ತೊಮ್ಮೆ ಕೊರಳಿನ ತಪಾಸಣೆ, ರೋಗ ಕಂಡವರಲ್ಲಿ ನೂರಕ್ಕೆ 90 ಮಂದಿಗೆ ಚಿಕಿತ್ಸೆ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವುದರಿಂದ, ಅದು ಅರ್ಬುದವಾಗುವ ಮೊದಲೇ ಹಿಡಿಯಲು ಇಷ್ಟು ಸಾಕು.

ಮುಟ್ಟು ನಿಂತ ಮೇಲೆ ಒಂದು ತೊಟ್ಟು ರಕ್ತ ಕಂಡರೂ, ಸಂಭೋಗದ ನಂತರ ರಕ್ತ ಹೋದರೂ, ದುರ್ವಾಸನೆಯ ಸ್ರಾವವಿದ್ದರೂ, ವಾರಗಟ್ಟಲೆ ಹೊಟ್ಟೆ ಉಬ್ಬರಿಸಿ ಊಟ ಸೇರದಿದ್ದರೂ ‘ಪ್ರಾಯವಾಯಿತಲ್ಲ, ಇದೆಲ್ಲ ಇದ್ದದ್ದೇ’ ಎಂದು ಸುಮ್ಮನಿರುವುದು ನಮ್ಮ ತಾಯಂದಿರ ಅಭ್ಯಾಸ. ಮನೆಯವರ ಊಟ, ಹಟ್ಟಿಯ ದನ, ಮೊಮ್ಮಗನ ಪರೀಕ್ಷೆ ಎಲ್ಲ ಮುಗಿದ ಮೇಲೆ ತನ್ನ ಸರದಿ ಎಂದು ಅವರು ಎಣಿಸುತ್ತಾರೆ. ಎಂಥ ಉತ್ತಮ ಯಂತ್ರವಾದರೂ ತನ್ನ ಬಳಿಗೆ ಬಂದವರ ಚಿತ್ರವನ್ನಷ್ಟೇ ತೆಗೆಯಬಲ್ಲದು. ಅವರನ್ನು ಹೊತ್ತಿಗೆ ಸರಿಯಾಗಿ ಆಸ್ಪತ್ರೆಯ ಬಾಗಿಲಿಗೆ ತಲುಪಿಸುವ ಕೆಲಸ ಮನೆಯವರಾದ ನಮ್ಮದೇ.